ಅಮ್ಮನ ಮೊರ ಮತ್ತು ಸರಕಾರದ ಕಾಯಿದೆ

ಧೂಮಪಾನ ಆರೋಗ್ಯಕ್ಕೆ ಹಾನಿಕರವೆಂಬ ಮಾತನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಆದರೆ ಬೀಡಿಯ ಹಣದಿಂದಲೇ ಓದಿ ಆ ಮಾತನ್ನು ಅರಿತವರು ಎಷ್ಟು ಮಂದಿಯೋ! ಅವರಲ್ಲಿ ನಾನೂ ಒಬ್ಬ. ದಕ್ಷಿಣ ಕನ್ನಡದ ಸಾವಿರಾರು ಮನೆಗಳಂತೆ ನಮ್ಮ ಮನೆಯಲ್ಲಿಯೂ ಅಮ್ಮ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ನನ್ನ ಪರೀಕ್ಷಾ ಶುಲ್ಕ, ಬಸ್ಸಿನ ಪಾಸು, ಕೈಯಲ್ಲಿರುವ ಪುಸ್ತಕ ಎಲ್ಲವೂ ಆ ಮೊರದಿಂದ ಬಂದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಧೂಮಪಾನ ನಿಷೇಧದ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯೆಂದು ವಾಚಕರು ಭಾವಿಸಬೇಕಾಗಿಲ್ಲ.

ಹಾಗಿದ್ದೂ ಹೇಳುತ್ತೇನೆ: ಕಾಯಿದೆ ಒಳ್ಳೆಯದನ್ನೇ ಮಾಡಿದೆ. 2001ರಲ್ಲಿ ಮುರಳಿ ದೇವ್ರಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಬಸ್ಸು, ರೈಲುಗಳಲ್ಲಿ ಧೂಮಪಾನ ಕೂಡದೆಂದಿತು. 2003ರಲ್ಲಿ ಶಾಸನ ಬಂತು. 2008ರ ಗಾಂಧೀ ಜಯಂತಿಯಂದು ಜಾರಿಗೆ ಬಂದ ನಿಯಮಗಳು ಹೋಟೆಲು, ಖಾಸಗಿ ಕಚೇರಿಗಳನ್ನೂ ಒಳಗೊಂಡವು. ಬಸ್ಸಿನೊಳಗೆ ಕುಳಿತು ಬೀಡಿ ಸೇದುತ್ತಿದ್ದರೆಂದು ಹಿರಿಯರು ಹೇಳಿದರೆ ನಮಗೆ ನಂಬಿಕೆಯೇ ಬಾರದು. ಸೇದುವವನ ಹೊಗೆ ಪಕ್ಕದಲ್ಲಿರುವ ಬಸುರಿಯ, ಕೂಸಿನ ಎದೆಗೂ ಇಳಿಯುತ್ತದಲ್ಲವೆ? 2009-10ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 34.6 ಮಂದಿ ತಂಬಾಕು ಬಳಸುತ್ತಿದ್ದರು. 2016-17ರ ವೇಳೆಗೆ ಅದು 28.6ಕ್ಕೆ ಇಳಿಯಿತು. ನಿಷೇಧವೊಂದೇ ಇದಕ್ಕೆ ಕಾರಣವಲ್ಲ; ತೆರಿಗೆ, ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರ, ಜನರ ತಿಳಿವಳಿಕೆ ಎಲ್ಲವೂ ಕೈಗೂಡಿಸಿವೆ.

ತಂಬಾಕಿನಿಂದ ಬೊಕ್ಕಸಕ್ಕೆ ಆದಾಯವುಂಟು, ಬಡವರಿಗೆ ಕೆಲಸವುಂಟು ಎಂದು ವಾದಿಸುವವರಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ವಾದ ರುಚಿಸದು. 2017-18ರಲ್ಲಿ ತಂಬಾಕಿನಿಂದಾದ ರೋಗ ಮತ್ತು ಅಕಾಲ ಮರಣಗಳಿಂದ ದೇಶಕ್ಕೆ ತಗಲಿದ ವೆಚ್ಚ 1,77,341 ಕೋಟಿ ರೂಪಾಯಿಯೆಂದು ಅಂದಾಜು ಮಾಡಲಾಗಿದೆ; ಇದು ದೇಶದ ಒಟ್ಟು ಉತ್ಪನ್ನದ ನೂರರಲ್ಲೊಂದು ಪಾಲಿಗಿಂತ ಹೆಚ್ಚು. ಬೀಡಿಗೆ ಸುರಿಯದ ಹಣ ಸಮುದ್ರಕ್ಕೆ ಬೀಳುವುದೂ ಇಲ್ಲ. ಅದು ಅಕ್ಕಿಗೆ, ಬಟ್ಟೆಗೆ, ಮಕ್ಕಳ ಪುಸ್ತಕಕ್ಕೆ ಹೋಗುತ್ತದೆ. ಅಲ್ಲಿ ಬೇರೆಯವರಿಗೆ ಕೆಲಸ ಹುಟ್ಟುತ್ತದೆ.

ತೊಡಕಿರುವುದು ಈ 'ಬೇರೆಯವರು' ಎಂಬ ಮಾತಿನಲ್ಲಿಯೇ. ದೇಶದ ಲೆಕ್ಕ ಸರಿಹೋದಾಗ ನಮ್ಮ ಮನೆಯ ಲೆಕ್ಕವೂ ಸರಿಹೋಗಬೇಕೆಂದಿಲ್ಲ. ಒಲೆಯ ಮೇಲೆ ಗಂಜಿ ಬೇಯುತ್ತಿರುವಾಗಲೇ ಎಲೆ ಕತ್ತರಿಸಬಹುದಾದ ಕಸಬು ಬೇರೆ ಯಾವುದಿದೆ? ಸಾವಿರ ಬೀಡಿಗೆ ಇಷ್ಟೆಂದು ಸಿಗುವ ಕೂಲಿ ಅಲ್ಪವೇ ಸರಿ. ಆದರೆ ಅದು ಅಮ್ಮನ ಕೈಗೇ ಬರುವ ಹಣ. ಹಾಗೆಂದು ಆಕೆಗೆ ಈ ಕೆಲಸದ ಮೇಲೆ ಮೋಹವಿಲ್ಲ. ಹೊಗೆಸೊಪ್ಪಿನ ಧೂಳಿನಿಂದ ಕೆಮ್ಮು, ಕುಳಿತೇ ದುಡಿಯುವುದರಿಂದ ಸೊಂಟನೋವು. ಒಂದು ಬೀಡಿಯನ್ನೂ ಸೇದದವಳಿಗೆ ಬೀಡಿ ಕೊಟ್ಟ ಉಡುಗೊರೆಯಿದು. ತಂಗಿಗೆ ಆಕೆ ಬೀಡಿ ಕಟ್ಟುವುದನ್ನು ಕಲಿಸಲೇ ಇಲ್ಲ.

2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಯವರೆಗೆ ಏರಿದೆ. ನನಗಿನ್ನೂ ಇಪ್ಪತ್ತು. ಅಮ್ಮ ಕಟ್ಟಿದ ಬೀಡಿಯನ್ನು ನನಗೆ ಮಾರುವುದು ಅಪರಾಧ. ಅದನ್ನು ಕಟ್ಟಿಯೇ ಆಕೆ ನನ್ನನ್ನು ಓದಿಸಬೇಕು! ಈ ವಿಚಿತ್ರಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿಯೇ ಅಂಗೀಕರಿಸಿದೆ. ತಂಬಾಕಿನ ಬೆಳೆಗಾರರಿಗೂ ಕೆಲಸಗಾರರಿಗೂ ಬದಲಿ ಜೀವನೋಪಾಯಕ್ಕೆ ನೆರವಾಗಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ. ದಂಡದ ವಿಧಿಗಳಿಗೆ ದೊರೆತ ಉತ್ಸಾಹ ಈ ವಿಧಿಗೂ ದೊರೆಯಬೇಕು. ತಂಬಾಕಿನ ತೆರಿಗೆಯಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಹೊಲಿಗೆಯೋ ಅಡಿಕೆ ಹಾಳೆಯ ತಟ್ಟೆಯೋ, ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸವನ್ನೂ ಅದಕ್ಕೆ ಮಾರುಕಟ್ಟೆಯನ್ನೂ ಹಳ್ಳಿಗಳಿಗೆ ಒದಗಿಸುವುದು ಅಸಾಧ್ಯವೇನಲ್ಲ. ಜನರ ಬಾಯಿಂದ ಬೀಡಿಯನ್ನು ಬಿಡಿಸುವ ಸರಕಾರ ಹೆಂಗಸರ ಕೈಯಿಂದಲೂ ಅದನ್ನು ಬಿಡಿಸಲಿ. ಆ ಕೈಗಳನ್ನು ಬರಿದಾಗಿ ಮಾತ್ರ ಬಿಡದಿರಲಿ.