ಆನೆ ಹೋದರೂ ಹೋಗದ ದಿಗಿಲು

ತಾಳವಾಡಿಯಲ್ಲಿ ದಿಗಿಲಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸುತ್ತ ಸತ್ಯಮಂಗಲದ ಹುಲಿ ಕಾಡು. ಬಯಲಿಗೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು. ಜೋಳ, ಕಬ್ಬು, ಬಾಳೆ ಇಟ್ಟವರ ಹೊಲಕ್ಕೆ ರಾತ್ರಿ ಆನೆ ಬರುತ್ತದೆ. ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆ ಹಿಡಿದು ಸಾಗಿಸುವವರೆಗೆ ರೈತರಿಗೆ ನಿದ್ದೆಯಿರಲಿಲ್ಲ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದೂ ಇದೇ ಸೀಮೆಯ ಗಾಜನೂರಿನಿಂದ. ಬಿಡುಗಡೆಗೆ 108 ದಿನ ಹಿಡಿಯಿತು.

ಇಂಥ ಕಡೆ ಭಯ ರೋಗವಲ್ಲ, ಕಾವಲು. ಅಟ್ಟಣೆಯ ಮೇಲೆ ಕೂತವನ ಕಿವಿಗೆ ಕಬ್ಬು ಮುರಿದ ಸದ್ದು ಬಿದ್ದೊಡನೆ ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ರಕ್ತ ಹೊಟ್ಟೆ ಬಿಟ್ಟು ಕಾಲಿನ ಸ್ನಾಯುಗಳತ್ತ ತಿರುಗುವುದರಿಂದ ಕರುಳು ತೊಳಸುತ್ತದೆ. ಓಡುವವನಿಗೆ ಇವೆಲ್ಲ ಬೇಕು. ಆನೆ ಕಾಡು ಸೇರಿದ ಮೇಲೆ ಮೈ ಹದಕ್ಕೆ ಬಂದರೆ ಸರಿ.

ಬಾರದಿದ್ದರೆ?

ಪಟ್ಟಹಗಲಲ್ಲಿ, ಜಗಲಿಯ ಮೇಲೆ ಸುಮ್ಮನೆ ಕೂತಿದ್ದಾಗಲೇ "ಯಾಕೋ ಎದ ಹೊಡ್ಕತದ" ಎನ್ನುವವರಿದ್ದಾರೆ. ಉಸಿರು ಸಾಲದೆನಿಸಿ ಬೇಗಬೇಗ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತುಟಿ, ಬೆರಳ ತುದಿ ಜುಮುಗುಟ್ಟಿ ತಲೆ ಸುತ್ತುತ್ತದೆ. ಸುತ್ತಿದ್ದಕ್ಕೇ ಇನ್ನಷ್ಟು ಗಾಬರಿ. ಈ ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ತಾನಾಗಿಯೇ ಇಳಿಯುತ್ತದೆ. ಪಟ್ಟವರಿಗೆ ಮಾತ್ರ ಸತ್ತು ಬದುಕಿದ ಅನುಭವ.

ಮನಸ್ಸಿನ ಲಕ್ಷಣಗಳು ಇಷ್ಟು ಸದ್ದು ಮಾಡುವುದಿಲ್ಲ, ಹಾಗಾಗಿಯೇ ತಪ್ಪಿಹೋಗುತ್ತವೆ. ಮಗು ಶಾಲೆಯಿಂದ ಸ್ವಲ್ಪ ತಡವಾಗಿ ಬಂದರೆ ಆಗಬಾರದ್ದೆಲ್ಲ ಕಣ್ಣಿಗೆ ಕಟ್ಟುವುದು, ಸಣ್ಣದಕ್ಕೂ ರೇಗುವುದು, ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತದಿರುವುದು, ಸಂತೆ–ಮದುವೆಗಳನ್ನು ಏನೋ ನೆಪ ಹೇಳಿ ತಪ್ಪಿಸುವುದು. ಮನೆಯವರು ಅದನ್ನು ಮೂಗಿನ ತುದಿಯ ಕೋಪವೆಂದೋ ಗಾಳಿ ಸೋಕಿದ್ದೆಂದೋ ತೀರ್ಮಾನಿಸುತ್ತಾರೆ. ತಾಯತ ಕಟ್ಟಿಸಲಿ, ಯಾರ ತಕರಾರೂ ಇಲ್ಲ. ಆದರೆ ಹತೋಟಿಗೆ ಸಿಗದ ಚಿಂತೆ ಆರು ತಿಂಗಳು, ಬಹುಪಾಲು ದಿನಗಳಲ್ಲಿ, ಕೆಲಸ ಕೆಡಿಸುವಷ್ಟು ಕಾಡಿದರೆ ವೈದ್ಯರು ಅದನ್ನು ಕಾಯಿಲೆ ಎಂದೇ ಪರಿಗಣಿಸುತ್ತಾರೆ.

ಹಾಗೆಂದು ಎದೆನೋವನ್ನೆಲ್ಲ ಆತಂಕದ ಲೆಕ್ಕಕ್ಕೆ ಹಾಕುವಂತಿಲ್ಲ. ಹೃದಯದ ತೊಂದರೆ, ಥೈರಾಯ್ಡ್ ಹೆಚ್ಚಳ, ರಕ್ತಹೀನತೆ ಇದೇ ವೇಷದಲ್ಲಿ ಬರುತ್ತವೆ, ಮೊದಲು ತಪಾಸಣೆ. ಆದರೆ ಇಸಿಜಿ ಸರಿಯಿದೆ, ನಿನಗೇನೂ ಇಲ್ಲ ಎಂದು ಮನೆಗೆ ಕಳಿಸುವುದು ಅರೆವೈದ್ಯ. ಆಪ್ತಸಮಾಲೋಚನೆಯಿಂದಲೂ ಮಾತ್ರೆಯಿಂದಲೂ ಆತಂಕ ಹತೋಟಿಗೆ ಬರುತ್ತದೆ. ಘಾಟಿ ಇಳಿಯಲಾಗದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲೂ ರಾತ್ರಿ ಲಭ್ಯ; ಅದರ ಭಾಷೆಗಳಲ್ಲಿ ಕನ್ನಡವೂ ಇದೆ.