ಹೆಗ್ಗನಹಳ್ಳಿಯಿಂದ ರೋಹ್ತಾಂಗ್‌ಗೆ: ಒಂದು ದಿನದ ಹಿಮ, ಎರಡು ವರ್ಷದ ಚೀಟಿ



ನಮ್ಮ ಹೆಗ್ಗನಹಳ್ಳಿಯ ಓದು ಬಳಗದ ಹದಿನಾಲ್ಕು ಜನ ಮೇ ಕೊನೆ ವಾರ ಹಿಮಾಚಲಕ್ಕೆ ಹೊರಟಿದ್ದೀವಿ. ರೋಹ್ತಾಂಗ್ ಪಾಸ್ ನೋಡೋಕೆ. ಹಿಮದ ಮೇಲೆ ಇರೋದು ಒಂದೇ ದಿನ. ಆ ಒಂದು ದಿನಕ್ಕೆ ಎರಡು ವರ್ಷದಿಂದ ತಿಂಗಳಿಗೆ ತಲಾ 500 ರೂಪಾಯಿ ಚೀಟಿ ಹಾಕಿದ್ದೀವಿ. ಬಳಗದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋರಿದ್ದಾರೆ, ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲೋರಿದ್ದಾರೆ, ಆಟೋ ಓಡಿಸೋರಿದ್ದಾರೆ, ನನ್ನಂಥ ಗುಮಾಸ್ತರಿದ್ದಾರೆ, ಒಬ್ಬರು ಪೌರಕಾರ್ಮಿಕ ಅಕ್ಕ ಇದ್ದಾರೆ.

ಸುದ್ದಿ ತಿಳಿದು ಚಳವಳಿಯ ಇಬ್ಬರು ಹಿರಿಯರು ಫೋನ್ ಮಾಡಿದ್ರು. "ಅಟ್ರಾಸಿಟಿ ಕೇಸುಗಳು ಕೋರ್ಟಲ್ಲಿ ಕೊಳೀತಾ ಬಿದ್ದಿವೆ, ಹಾಸ್ಟೆಲ್ ಮಕ್ಕಳ ಕಷ್ಟ ಹಂಗೇ ಇದೆ, ನಿಮಗೆ ಐಸಲ್ಲಿ ಆಟ ಆಡೋದು ಬೇಕಿತ್ತೇನಪ್ಪಾ?" ಅಂದ್ರು. ಅವರ ಮೇಲೆ ಸಿಟ್ಟಿಲ್ಲ. ಲಾಠಿ ಏಟು ತಿಂದು ನಮ್ಮನ್ನ ಬೆಳೆಸಿದೋರು. ಆದರೆ ಉತ್ತರ ಫೋನಲ್ಲಿ ಮುಗಿಯೋದಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

1934ರಲ್ಲಿ ಬಾಬಾಸಾಹೇಬರು ಒಂದು ಪ್ರವಾಸ ಹೋಗಿದ್ದರು. ಜೊತೆಗಿದ್ದವರು ಚಳವಳಿಯ ಕಾರ್ಯಕರ್ತರು, ಹೆಚ್ಚುಕಮ್ಮಿ ಮೂವತ್ತು ಜನ. ಸಭೆಗಲ್ಲ, ಸತ್ಯಾಗ್ರಹಕ್ಕಲ್ಲ, ಊರು ನೋಡೋಕೆ. ವೇರುಳದ, ಅಂದ್ರೆ ಎಲ್ಲೋರದ, ಬೌದ್ಧ ಗುಹೆಗಳನ್ನ ನೋಡಲೇಬೇಕು ಅಂತ ಹೊರಟ ಗುಂಪು ಅದು. ದಾರಿಯಲ್ಲಿ ಕಿರಿಕಿರಿ ಬೇಡ ಅಂತ ತಾವು ಯಾರು ಅನ್ನೋದನ್ನ ಹೇಳದೇ ಪ್ರಯಾಣ ಮಾಡೋದು ಅಂತ ನಿರ್ಧಾರ ಮಾಡಿದ್ದರು. ದೌಲತಾಬಾದ್ ಕೋಟೆ ಬಾಗಿಲಲ್ಲಿ ನೀರಿನ ತೊಟ್ಟಿ ಇತ್ತು. ಮೈಯೆಲ್ಲ ಧೂಳು. ಕೆಲವರು ಮುಖ, ಕಾಲು ತೊಳ್ಕೊಂಡ್ರು. ಅಷ್ಟಕ್ಕೇ ನೀರು ಮೈಲಿಗೆ ಆಯ್ತು ಅಂತ ಜನ ಸೇರಿ ಗಲಾಟೆ ಎಬ್ಬಿಸಿದರು. ಕೊನೆಗೆ ಕೋಟೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟಬಾರದು ಅಂತ ಶರತ್ತು ಹಾಕಿ, ಕಾಯೋಕೆ ಬಂದೂಕಿನ ಸಿಪಾಯಿಯನ್ನ ಹಿಂದೆ ಕಳಿಸಿದರು. 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಬಾಬಾಸಾಹೇಬರೇ ಇದನ್ನೆಲ್ಲ ಬರೆದಿದ್ದಾರೆ.

ನಾನು ಅದನ್ನ ಓದಿದಾಗ ಮೊದಲು ಅವಮಾನವೇ ಕಣ್ಣಿಗೆ ಬಿತ್ತು. ಈಗ ಅವರು ಹೊರಟಿದ್ದೇ ದೊಡ್ಡದು ಅನ್ಸುತ್ತೆ. ಎರಡು ವರ್ಷದ ಹಿಂದೆ ಪೂನಾ ಒಪ್ಪಂದ ಆಗಿತ್ತು, ಕೈತುಂಬಾ ಕೆಲಸ ಇತ್ತು. ಆದರೂ ಕಾರ್ಯಕರ್ತರು ನಾಲ್ಕು ಊರು ನೋಡಬೇಕು ಅಂದಾಗ ಬಾಬಾಸಾಹೇಬರು ಆಗಲ್ಲ ಅನ್ನಲಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರ್ತೀನಿ.

ಬೆಂಗಳೂರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಎತ್ತರ, 2,000 ದಾಟುತ್ತೆ. ಅಲ್ಲಿಂದ ಸುಮಾರು 51 ಕಿಲೋಮೀಟರ್ ಹತ್ತಿದರೆ ರೋಹ್ತಾಂಗ್, 3,978 ಮೀಟರ್. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ತಲೆನೋವು, ವಾಂತಿ, ತಲೆಸುತ್ತು ಗಟ್ಟಿಮುಟ್ಟಾದ ಹುಡುಗರಿಗೂ ಬರಬಹುದು.

ಅದಕ್ಕೇ ಮನಾಲಿಯಲ್ಲಿ ಎರಡು ರಾತ್ರಿ ಉಳಿದು ಆಮೇಲೆ ಹತ್ತೋದು. ಮೇಲೆ ಹೋದ ಮೇಲೆ ಓಡೋದು, ಕುಣಿಯೋದು ಬೇಡ. ಹಿಂದಿನ ರಾತ್ರಿ ಎಣ್ಣೆ ಬೇಡವೇ ಬೇಡ, ಹುಡುಗರು ಗಮನಿಸಿ. ತಲೆನೋವು ಜಾಸ್ತಿ ಆದ್ರೆ ಔಷಧಿ ಹುಡುಕ್ತಾ ಕೂರದೆ ತಕ್ಷಣ ಕೆಳಗೆ ಇಳಿಯೋದು. ಗಾಡಿಗೆ ಮೊದಲೇ ಆನ್‌ಲೈನ್ ಪರ್ಮಿಟ್ ತಗೋಬೇಕು. ಹಸಿರು ನ್ಯಾಯಮಂಡಳಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕಿದೆ, ಹೊಗೆಯಿಂದ ಹಿಮ ಕಪ್ಪಾಗ್ತಿದೆ, ಬೇಗ ಕರಗ್ತಿದೆ ಅಂತ. ಮಂಗಳವಾರ ರಸ್ತೆ ರಿಪೇರಿಗೆ ಬಿಡ್ತಾರೆ, ಪ್ರವಾಸಿಗರಿಗೆ ಇಲ್ಲ. ನಾವು ಗುರುವಾರ ಇಟ್ಕೊಂಡಿದ್ದೀವಿ. ಹಿಮದ ಕೋಟು, ಬೂಟು ದಾರಿಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತೆ. ಆ ಕೋಟು ನಿನ್ನೆ ಯಾರ ಮೈಮೇಲಿತ್ತು ಅಂತ ಅಲ್ಲಿ ಯಾವ ಜಾತಿಯವರೂ ಕೇಳಲ್ಲ. ಚಳಿ ಅಂಥದ್ದು.

ನಮಗೆ ದೊಡ್ಡ ಚಿಂತೆ ಅಕ್ಕನದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೀದಿ ಗುಡಿಸಿದ್ದಾರೆ, ಧೂಳು ಎದೆಗೆ ಇಳಿದಿದೆ. ಕೆಮ್ಮು ಹತ್ತಿದ್ರೆ ಬಿಡಲ್ಲ. "ರಿಟೈರ್ ಆಗೋಕೆ ಮುಂಚೆ ಒಂದ್ಸಲ ಹಿಮ ಮುಟ್ಟಬೇಕು ಕಣಣ್ಣ" ಅಂತ ಚೀಟಿಗೆ ಮೊದಲ ಕಂತು ಕಟ್ಟಿದ್ದೇ ಅವರು. ಮುಂದಿನ ವಾರ ಅವರ ಶ್ವಾಸಕೋಶ ಪರೀಕ್ಷೆ ಇದೆ. ಡಾಕ್ಟರ್ ಬೇಡ ಅಂದ್ರೆ ಇನ್ನೊಂದು ದಾರಿ ಇಟ್ಕೊಂಡಿದ್ದೀವಿ. 2020ರ ಅಕ್ಟೋಬರ್‌ನಲ್ಲಿ ಶುರುವಾದ ಅಟಲ್ ಸುರಂಗ 9.02 ಕಿಲೋಮೀಟರ್ ಉದ್ದ. ಅದರಲ್ಲಿ ಆಚೆ ಹೋದರೆ ಸಿಸ್ಸು, ಸುಮಾರು 3,100 ಮೀಟರ್. ಮೇಲಿನ ಶಿಖರಗಳ ಹಿಮ ಅಲ್ಲಿಂದಲೇ ಕಾಣುತ್ತೆ. ಅದಕ್ಕೂ ಡಾಕ್ಟರ್ ಒಪ್ಪಿದರೆ ಮಾತ್ರ. ಅಕ್ಕನನ್ನ ಹೋಟೆಲಲ್ಲಿ ಬಿಟ್ಟು ಮಿಕ್ಕವರು ಮೇಲೆ ಹೋಗೋದು ಅಂತೂ ಇಲ್ಲ.

ಇಷ್ಟು ಲೆಕ್ಕ ಎಲ್ಲ ಪ್ರವಾಸಿಗರೂ ಹಾಕ್ತಾರೆ. ನಾವು ಇನ್ನೊಂದು ಲೆಕ್ಕ ಹಾಕಬೇಕು.

ಉಳಿಯೋಕೆ ಒಂದು ಮನೆಗೆ ಫೋನ್ ಮಾಡಿದ್ವಿ. ರೇಟು, ಊಟ ಎಲ್ಲ ಮಾತಾಡಿ ಆಧಾರ್ ಕಾಪಿ ಕಳಿಸಿದ ಮೇಲೆ "ನೀವು ಯಾವ ಜನ? ನಮ್ಮನೇಲಿ ದೇವರಿದೆ" ಅಂದ್ರು. ಅಲ್ಲಿಗೆ ಆ ಮನೆ ಬಿಟ್ವಿ. 2011ರ ಜನಗಣತಿ ಪ್ರಕಾರ ಹಿಮಾಚಲದಲ್ಲಿ ಪರಿಶಿಷ್ಟ ಜಾತಿಯವರು ಶೇ. 25ಕ್ಕಿಂತ ಜಾಸ್ತಿ, ನಮ್ಮ ರಾಜ್ಯದಲ್ಲಿ ಶೇ. 17. ನಾಲ್ಕರಲ್ಲಿ ಒಬ್ಬರು ನಮ್ಮೋರು. ಅದೇ ಕುಲ್ಲು ಜಿಲ್ಲೆಯಲ್ಲಿ 2018ರ ಫೆಬ್ರುವರಿಯಲ್ಲಿ ಪ್ರಧಾನಿಗಳ 'ಪರೀಕ್ಷಾ ಪೇ ಚರ್ಚಾ' ಟೀವಿಯಲ್ಲಿ ನೋಡೋಕೆ ಕರ್ಕೊಂಡು ಹೋಗಿ, ನಮ್ಮನ್ನ ಮಾತ್ರ ಕುದುರೆ ಕಟ್ಟೋ ಜಾಗದಲ್ಲಿ ಕೂರಿಸಿದರು ಅಂತ ದಲಿತ ಮಕ್ಕಳು ದೂರು ಬರೆದುಕೊಟ್ಟರು.

ಅದೇ ಜಿಲ್ಲೆಯಲ್ಲಿ ಮಲಾಣಾ ಅಂತ ಹಳ್ಳಿ ಇದೆ. ಹೊರಗಿನೋರು ಅಲ್ಲಿನ ಗುಡಿ, ಮನೆ ಮುಟ್ಟಿದ್ರೆ ದಂಡ. ಅಂಗಡಿಯಲ್ಲಿ ದುಡ್ಡನ್ನ ಕೈಗೆ ಕೊಡೋಹಂಗಿಲ್ಲ, ಕೆಳಗಿಡಬೇಕು. ನಮ್ಮ ಬೆಂಗಳೂರಿನ ಹುಡುಗರು ಅಲ್ಲಿಗೆ ಹೋಗಿ, ಬೋರ್ಡ್ ಪಕ್ಕ ನಿಂತು ಫೋಟೋ ತೆಗೆಸ್ಕೊಂಡು 'ವಿಚಿತ್ರ ಸಂಸ್ಕೃತಿ' ಅಂತ ಹಾಕ್ತಾರೆ. ಅವರಿಗೆ ಮುಟ್ಟಿಸಿಕೊಳ್ಳದೇ ಇರೋದು ಅರ್ಧ ದಿನದ ಅನುಭವ, ಸಂಜೆಗೆ ಮುಗಿಯುತ್ತೆ. ನಮ್ಮ ಬಳಗದಲ್ಲೂ ಒಬ್ಬ ಹುಡುಗ ಮಲಾಣಾ ಸೇರಿಸೋಣ ಅಂದ. ಅಕ್ಕ ಒಂದೇ ಮಾತು ಅಂದ್ರು: "ಅದನ್ನ ನೋಡೋಕೆ ಚೀಟಿ ಯಾಕೋ ಹಾಕ್ಬೇಕು?"

ಗಾಡಿಗೆ ನೀಲಿ ಬಾವುಟ ಕಟ್ಟೋದಾ ಬೇಡವಾ ಅಂತ ಎರಡು ಭಾನುವಾರ ಜಗಳ ಆಡಿದ್ವಿ. ಗೊತ್ತಿಲ್ಲದ ಊರು, ಹೆಂಗಸರು ಇದ್ದಾರೆ, ಯಾಕೆ ರಿಸ್ಕು ಅಂತ ಕೆಲವರು. 1934ರಲ್ಲಿ ಗುರುತು ಹೇಳದೆ ಹೋಗಿದ್ದು ಸಾಕು ಅಂತ ಕೆಲವರು. ಬಾವುಟ ಕಟ್ಟೋದು ಅಂತ ತೀರ್ಮಾನ ಆಯ್ತು. ಯಾರಾದ್ರೂ ಜಾತಿ ಕೇಳಿದ್ರೆ ಇರೋದನ್ನ ಹೇಳೋದು, ಅವಮಾನ ಮಾಡಿದ್ರೆ ಅಲ್ಲಿ ಒಂದು ಲೋಟ ನೀರೂ ಕುಡಿಯದೆ ಎದ್ದು ಬರೋದು, ಬೈದರೆ ರೆಕಾರ್ಡ್ ಮಾಡಿ ದೂರು ಕೊಡೋದು. ಅಟ್ರಾಸಿಟಿ ಕಾಯ್ದೆ ಮನಾಲಿಯಲ್ಲೂ ನಡೆಯುತ್ತೆ.

ಇನ್ನೊಂದು ಮಾತು. ಪ್ರತಿ ವರ್ಷ ಆ ರಸ್ತೆಯ ಹಿಮ ತೆಗೆಯೋದು ಗಡಿ ರಸ್ತೆ ಸಂಸ್ಥೆ. ಹಿಮಾಲಯದ ಅವರ ರಸ್ತೆಗಳಲ್ಲಿ ಕಲ್ಲು ಒಡೆದು ಡಾಂಬರು ಹಾಕೋರಲ್ಲಿ ಜಾರ್ಖಂಡಿನ ದುಮ್ಕಾ ಕಡೆಯ ಸಂತಾಲ ಆದಿವಾಸಿಗಳು ಬಹಳ ಜನ. 2020ರಲ್ಲಿ ಕೊರೊನಾ ಮಧ್ಯೆಯೇ ಜೂನ್‌ನಲ್ಲಿ ದುಮ್ಕಾದಿಂದ ವಿಶೇಷ ರೈಲು ಬಿಟ್ಟು ಅವರನ್ನ ಲಡಾಖ್ ರಸ್ತೆಗಳಿಗೆ ಕರ್ಕೊಂಡು ಹೋದರು. ದುಡಿಯೋಕೆ ಹೋಗುವಾಗ ನಮ್ಮ ಜನ ಇಷ್ಟು ಎತ್ತರಕ್ಕೆ ಯಾಕೆ ಹೋಗ್ತಾರೆ ಅಂತ ಯಾರೂ ಕೇಳಲ್ಲ. ನೋಡೋಕೆ ಹೊರಟರೆ ಮಾತ್ರ ಖರ್ಚಿನ ಲೆಕ್ಕ ಕೇಳ್ತಾರೆ.

2014ರ ಮೇ 25ರಂದು ಆಗಿನ ಆಂಧ್ರದ ಸಮಾಜ ಕಲ್ಯಾಣ ವಸತಿ ಶಾಲೆಗಳ ಇಬ್ಬರು ಮಕ್ಕಳು ಎವರೆಸ್ಟ್ ಹತ್ತಿದರು. ಮಲಾವತ್ ಪೂರ್ಣಾ ಆದಿವಾಸಿ ಹುಡುಗಿ, ವಯಸ್ಸು 13. ಆನಂದ್ ಕುಮಾರ್ ದಲಿತ ಹುಡುಗ. ಮೊದಲು ಭುವನಗಿರಿ ಬಂಡೆ ಹತ್ತಿಸಿ, ಆಮೇಲೆ ಡಾರ್ಜಿಲಿಂಗ್, ಲಡಾಖ್‌ನಲ್ಲಿ ತರಬೇತಿ ಕೊಡಿಸಿದ್ದರು. ನಮ್ಮ ಮೊರಾರ್ಜಿ ಶಾಲೆ ಮಕ್ಕಳ ಕಾಲೇನು ಅವರಿಗಿಂತ ಬೇರೆಯಾ? ಉಪಯೋಜನೆ ದುಡ್ಡನ್ನ ಬೇರೆಲ್ಲಿಗೋ ಹರಿಸೋ ಸರ್ಕಾರವನ್ನ ಹಿರಿಯರು ಇದನ್ನೂ ಸೇರಿಸಿ ಕೇಳಬೇಕು. ಕೇಸು ನಡೆಸೋರು ಕೇಸು ನಡೆಸ್ತಾರೆ. ನಮ್ಮ ಬಳಗವೂ ಅದನ್ನ ಬಿಟ್ಟಿಲ್ಲ. ಆದರೆ ಬೇಡಿಕೆ ಪಟ್ಟಿಯಲ್ಲಿ ಅನ್ನ, ಭೂಮಿ, ಶಾಲೆ ಜೊತೆಗೆ ಸುಮ್ಮನೆ ನಿಂತು ಒಂದು ಹಿಮದ ಬೆಟ್ಟ ನೋಡೋದೂ ಇರಲಿ.

ಕುಲ್ಲು, ಮನಾಲಿ ಕಡೆ ಪರಿಚಯದ ಅಂಬೇಡ್ಕರ್‌ವಾದಿ ಗೆಳೆಯರಿದ್ದರೆ ಇನ್‌ಬಾಕ್ಸ್‌ಗೆ ನಂಬರ್ ಕಳಿಸಿ. ಎರಡು ರಾತ್ರಿಗೆ ಹದಿನಾಲ್ಕು ಜನಕ್ಕೆ ಜಾಗ ಬೇಕು, ದುಡ್ಡು ಕೊಡ್ತೀವಿ. ಮನೆಯಲ್ಲಿ ಹಳೇ ಉಲ್ಲನ್ ಟೋಪಿ, ಕೈಗವಸು ಇದ್ದರೆ ಭಾನುವಾರ ಬೆಳಿಗ್ಗೆ ಬಳಗಕ್ಕೆ ತಂದುಕೊಡಿ. ಅಕ್ಕನ ಅಳತೆಗೆ ಬೂಟು ಇನ್ನೂ ಸಿಕ್ಕಿಲ್ಲ. ಆರನೇ ನಂಬರು.

ಜೈಭೀಮ್.