ನಾಲ್ಕನೆಯ ದುಡಿ

ಕೊಡಗಿಗೆ ನಾನು ಹೋದದ್ದು ಹಬ್ಬಕ್ಕಲ್ಲ, ಶಾಸನಕ್ಕೆ. ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ಪೋಚಬ್ಬರಸಿಯನ್ನು ಹೆಸರಿಸುವ 1058ರ ಶಾಸನವನ್ನು ಕಣ್ಣಾರೆ ಕಾಣಬೇಕೆಂಬುದು ಬಹುಕಾಲದ ಆಸೆಯಾಗಿತ್ತು. ಅದು ಈಡೇರಿದ ದಿನವೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, "ನಾಳೆ ಹುತ್ತರಿ, ನಮ್ಮ ಐನ್‌ಮನೆಗೆ ಬಂದೇ ಹೋಗಬೇಕು ಸರ್" ಎಂದು ಪಟ್ಟುಹಿಡಿದರು. ಕೈಚೀಲದಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಹೇಗೂ ಇತ್ತು, ಒಪ್ಪಿದೆ.

ಕೊಡವರು ಈ ಹಬ್ಬವನ್ನು 'ಪುತ್ತರಿ' ಎನ್ನುತ್ತಾರೆ. ಪುದು ಅರಿ, ಎಂದರೆ ಹೊಸ ಅಕ್ಕಿ. ನಾವು ಹಳಗನ್ನಡದಲ್ಲಿ ಮಾತ್ರ ಕಾಣುವ ಪಕಾರ ಅವರ ನಾಲಗೆಯಲ್ಲಿ ಇಂದಿಗೂ ಹಕಾರವಾಗಿಲ್ಲ. ಹಾಲು ಅವರಿಗೆ ಪಾಲ್. ಹಾಗೆಂದು ಕಿವಿಗೆ ಪರಿಚಿತವೆನಿಸಿದ್ದನ್ನೆಲ್ಲ ನಂಬುವಂತಿಲ್ಲ. ಅವರ 'ನರಿ' ನಮ್ಮ ಹುಲಿ!

ಸಂಜೆ ಒಕ್ಕದವರೆಲ್ಲ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಸೇರಿದರು. ವರ್ಷದ ಉಳಿದ ದಿನಗಳಲ್ಲಿ ಆ ದೊಡ್ಡ ಮನೆಯಲ್ಲಿ ಇರುವವರು ವೃದ್ಧ ದಂಪತಿಗಳಿಬ್ಬರೇ. ಮುಹೂರ್ತಕ್ಕೆ ದೀಪ ಹಿಡಿದು ಗದ್ದೆಗೆ ಹೋದೆವು. ಕೋವಿಯ ಸದ್ದಾಯಿತು, 'ಪೊಲಿ' ಎಂಬ ಕೂಗಿನ ನಡುವೆ ಕದಿರು ತೆಗೆದರು. ಪೊಲಿ ಎಂದರೆ ಸಮೃದ್ಧಿ. ತುಳುವರಿಗೂ ಆಪ್ತವಾದ ಪದ. ದೀಪದ ಬೆಳಕಿನಲ್ಲಿ ಕಂಡದ್ದು ನಾಲ್ಕು ಚಾಪೆಗಳಷ್ಟು ಅಗಲದ ಪೈರು, ಅದರಾಚೆ ಕಳೆ ಬೆಳೆದು ಪಾಳುಬಿದ್ದ ಗದ್ದೆ. ಬೇಸಾಯ ಗಿಟ್ಟದೆ ಬಿಟ್ಟು ವರ್ಷಗಳಾಗಿವೆಯಂತೆ. ಈ ಒಂದು ರಾತ್ರಿಯ ಕದಿರಿಗಾಗಿ ಅಷ್ಟನ್ನು ಮಾತ್ರ ನೆಡುತ್ತಾರೆ. ನಾನು ಏನೂ ಕೇಳಲಿಲ್ಲ.

ರಾತ್ರಿಯ ಊಟ ನನಗಿಲ್ಲ, ಹುತ್ತರಿಯ ಗೆಣಸು ಹಗಲಿಗೂ ಸಲ್ಲದು. ಮನೆಯ ಹಿರಿಯಮ್ಮ ಅದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳದೆ, ಬೆಳಗಾದ ಮೇಲೆ ಹೊಸ ಅಕ್ಕಿಯ ಪಾಯಸವನ್ನು ನನಗಾಗಿ ಮತ್ತೆ ಮಾಡಿದರು.

ಮರುದಿನ ಮನೆಮನೆಗೆ ಹೋಗಿ ಹಾಡಬೇಕು. ಬಾಳೋಪಾಟಿಗೆ ನಾಲ್ವರು ಬೇಕು, ನಾಲ್ವರ ಕೈಯಲ್ಲೂ ದುಡಿ. ಮೊದಲಿಬ್ಬರು ಹಾಡಿದ ಸಾಲನ್ನು ಉಳಿದಿಬ್ಬರು ಎತ್ತಿಕೊಳ್ಳಬೇಕು. ಅಂದು ಇದ್ದವರು ಮೂವರು. ನಾಲ್ಕನೆಯವರು ಬೆಂಗಳೂರಿನಿಂದ ಬರಬೇಕಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮೂವರೇ ಹಾಡಬಾರದೇ ಎಂದೆ. "ಎರಡನೇ ಸಾಲು ಒಬ್ಬರೇ ಹೇಳಿದರೆ ಉಸಿರು ಸಾಲೋದಿಲ್ಲ" ಎಂದರು ಹಿರಿಯರು. ಪುನರುಕ್ತಿಯನ್ನು ಅಲಂಕಾರವೆಂದೋ ನೆನಪಿನ ಊರೆಗೋಲೆಂದೋ ಪಾಠ ಹೇಳಿದ್ದ ನನಗೆ ಈ ಉಸಿರಿನ ಲೆಕ್ಕ ಹೊಳೆದೇ ಇರಲಿಲ್ಲ.

ನಾಲ್ಕನೆಯ ದುಡಿ ಬಂದಾಗ ಬಿಸಿಲೇರಿತ್ತು. ಹಾಡು ತೊಡಗಿತು. ನಾನು ಐಮರದ ಮೇಲೆ ಕುಳಿತು ಪುಸ್ತಕದ ಸಾಲುಗಳ ಮೇಲೆ ಬೆರಳಿಟ್ಟು ಕೇಳತೊಡಗಿದೆ. ಕೆಲವೆಡೆ ಹಾಡು ಪುಟವನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಹಸ್ತಪ್ರತಿಗಳೊಡನೆ ಬಾಳುವೆ ಸವೆಸಿದವನ ಕೈ ಸುಮ್ಮನಿದ್ದೀತೇ? ಅಂಚಿನಲ್ಲಿ ಪೆನ್ಸಿಲಿನಿಂದ 'ಅಪಪಾಠ' ಎಂದು ಗುರುತು ಹಾಕಿದೆ, ಮೂರು ಕಡೆ.

ಹಾಡು ಮುಗಿದ ಮೇಲೆ ತೋರಿಸಿದೆ. ಹಿರಿಯರು ಕನ್ನಡಕ ಏರಿಸಿ ಓದಿ ನಕ್ಕರು. "ಅಲ್ಲಿ ಈ ಒಕ್ಕದ ಹೆಸರು ಬರಬೇಕು, ಇಲ್ಲಿ ಈ ಊರಿನದು. ಇವರ ಮನೆಯಲ್ಲಿ ನಿಂತು ಬೇರೆಯವರನ್ನು ಹರಸೋದು ಹೇಗೆ?" ಒಂದು ಮೂಲಪಾಠವನ್ನು ಹುಡುಕುವುದು ನಮ್ಮ ಶಾಸ್ತ್ರ. ಇಲ್ಲಿ ಮೂಲವು ಪ್ರತಿಯೊಂದು ಹೊಸ್ತಿಲಿನಲ್ಲೂ ಮತ್ತೆ ಹುಟ್ಟಬೇಕು. ಆದರೂ ಪುಸ್ತಕವನ್ನು ನಾನು ಹಗುರವಾಗಿ ಕಾಣಲಾರೆ. ಪೊಲೀಸ್ ಅಧಿಕಾರಿಯಾಗಿದ್ದ ಚಿಣ್ಣಪ್ಪನವರು ಹಾಡುಗಾರರ ಬಾಯಿಂದ ಕೇಳಿ ಬರೆದು 1924ರಲ್ಲಿ ಅಚ್ಚುಹಾಕಿಸಿದ ಗ್ರಂಥವದು. ತಡವಾಗಿ ಬಂದ ಆ ಯುವಕ ಹಾಡು ಕಲಿತದ್ದು ಅದರಿಂದಲೇ. ಅವನ ತಂದೆಗೆ ಹಾಡು ಬರುತ್ತಿರಲಿಲ್ಲ. ಬಾಯಿಂದ ಹಾಳೆಗೆ ಬಂದದ್ದು ಒಂದು ತಲೆಮಾರಿನ ಮೌನವನ್ನು ದಾಟಿ ಮತ್ತೆ ಬಾಯಿಗೆ ಮರಳಿತ್ತು.

ಹೊರಡುವಾಗ ಹಿರಿಯರು ಗೇಟಿನವರೆಗೆ ಬಂದರು. "ಮುಂದಿನ ವರ್ಷವೂ ಬನ್ನಿ ಮೇಷ್ಟ್ರೇ. ಒಬ್ಬರು ಕಡಿಮೆಯಾದರೆ ನಿಮ್ಮ ಕೈಗೇ ದುಡಿ ಕೊಡುತ್ತೇವೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.